ಮಾವನ ಬೆನ್ನುನೋವು, ನಾನು ಬರೆಯದ ಸುದ್ದಿ

ಆಟಿ ತಿಂಗಳ ಮಳೆಯಲ್ಲಿ ಮಾವನಿಗೆ ಜ್ವರ ಬಂತು. ವಯಸ್ಸು 68, ಹಳೆಯ ಸಕ್ಕರೆ ಕಾಯಿಲೆ. ನೆರಿಯದ ಅಡಿಕೆ ತೋಟದಲ್ಲಿ ಬರಿಗಾಲಲ್ಲೇ ಕಣಿಯ ಕೆಸರು ತೆಗೆಯುವವರು. ಜ್ವರ ಬಿಟ್ಟು ಬಿಟ್ಟು ಬಂತು, ಜೊತೆಗೆ ಬೆನ್ನುನೋವು. "ಹಾರೆ ಹಿಡಿದದ್ದಕ್ಕೆ ಮಾವ, ಎಣ್ಣೆ ಹಚ್ಚಿ" ಎಂದವನು ನಾನೇ. ಪೇಟೆಯ ಕ್ಲಿನಿಕ್ಕಿನಲ್ಲಿ ಟೈಫಾಯ್ಡ್ ಎಂದು ಮಾತ್ರೆ ಕೊಟ್ಟರು.

ಮೂರು ವಾರದ ನಂತರ ಒಂದು ರಾತ್ರಿ ಅತ್ತೆ ಫೋನ್ ಮಾಡಿದರು: "ಹೊಟ್ಟೆ ಮುಟ್ಟಿದರೆ ಒಳಗೆ ಎದೆಯ ಹಾಗೆ ಬಡಿಯುತ್ತದೆ." ಉಜಿರೆ, ಬಿ.ಸಿ.ರೋಡ್ ದಾಟಿ ಮಂಗಳೂರು ಸೇರುವಾಗ ಬೆಳಗಾಗಿತ್ತು.

ಸಿ.ಟಿ. ಆಂಜಿಯೋಗ್ರಾಂನಲ್ಲಿ ಕಂಡಿತು. ಹೃದಯದಿಂದ ಹೊಟ್ಟೆಗೆ ಇಳಿಯುವ ಮಹಾಪಧಮನಿ, ಸವೆದ ಟಯರಿನಿಂದ ಹೊರಬಂದ ಟ್ಯೂಬಿನಂತೆ ಒಂದು ಕಡೆ ಉಬ್ಬಿತ್ತು. ಬಿ.ಪಿ., ಬೀಡಿಯಿಂದ ಆಗುವ ಉಬ್ಬು ಸಾಮಾನ್ಯವಾಗಿ ವರ್ಷಗಟ್ಟಲೆ ಬೆಳೆಯುತ್ತದೆ. ಸೋಂಕು ತಗಲಿದ್ದು ದಿನಗಳಲ್ಲೇ ಬೆಳೆದು ಒಡೆಯಬಹುದು. 1885ರಲ್ಲಿ ವಿಲಿಯಂ ಆಸ್ಲರ್ ಇದನ್ನು 'ಮೈಕೋಟಿಕ್' ಎಂದು ಕರೆದರು. ಹೆಸರಿನಲ್ಲಿ ಶಿಲೀಂಧ್ರ ಇದ್ದರೂ ಕಾರಣ ಹೆಚ್ಚಾಗಿ ಬ್ಯಾಕ್ಟೀರಿಯಾ. ಹಿರಿಯರಲ್ಲಿ ಸಾಲ್ಮೊನೆಲ್ಲಾ ಕೂಡ ಇರುತ್ತದೆ.

ಮಾವನ ರಕ್ತದ ಕಲ್ಚರ್‌ನಲ್ಲಿ ಸಿಕ್ಕಿದ್ದು ಮೆಲಿಯಾಯ್ಡೋಸಿಸ್‌ನ ರೋಗಾಣು. ಒದ್ದೆ ಮಣ್ಣು, ನೀರಿನಲ್ಲಿ ಬದುಕುವಂಥದ್ದು. ಮಳೆಗಾಲದಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯವರನ್ನು ಹಿಡಿಯುತ್ತದೆ. ನಮ್ಮ ಕರಾವಳಿಯಲ್ಲಿ ಇದು ಹೊಸತಲ್ಲ, ಮಣಿಪಾಲದ ವೈದ್ಯರು ವರ್ಷಗಳಿಂದ ಇದರ ಅಧ್ಯಯನ ಮಾಡುತ್ತಿದ್ದಾರೆ. ಆದರೆ ನೋಡಲು ಕ್ಷಯದಂತೆ, ಟೈಫಾಯ್ಡಿನಂತೆ ಇರುತ್ತದೆ. ಅನುಭವ ಇಲ್ಲದ ಲ್ಯಾಬಿನಲ್ಲಿ ಬೇರೆ ಯಾವುದೋ ರೋಗಾಣು ಎಂದು ಬದಿಗೆ ಸರಿಸುವುದೂ ಉಂಟು.

ಔಷಧಿ ಒಂದರಿಂದಲೇ ಆಗುವುದಿಲ್ಲ ಎಂದರು ಡಾಕ್ಟರು. ಹೊಟ್ಟೆ ತೆರೆದು ಕೊಳೆತ ಭಾಗ ತೆಗೆದು ಕೃತಕ ನಾಳ ಹೊಲಿಯಬೇಕು. ಅದನ್ನು ತಾಳಲಾರದ ಹಿರಿಯರಿಗೆ ತೊಡೆಸಂದಿಯಿಂದ ಸ್ಟೆಂಟ್ ಇಳಿಸಬಹುದು, ಆದರೆ ಸೋಂಕಿನ ಗೋಡೆ ಒಳಗೇ ಉಳಿಯುತ್ತದೆ. ಮಾವನ ಹೃದಯ ಸೋತಿತ್ತು, ಸ್ಟೆಂಟೇ ಆಯಿತು. ವಾರಗಟ್ಟಲೆ ಮೆರೊಪೆನೆಮ್ ಇಂಜೆಕ್ಷನ್, ಆಮೇಲೆ ತಿಂಗಳುಗಟ್ಟಲೆ ಕೋ-ಟ್ರೈಮಾಕ್ಸಜೋಲ್ ಮಾತ್ರೆ. ಖರ್ಚಿಗೆ ಅತ್ತೆಯ ಬಳೆ ಹೋಯಿತು.

ಡೆಂಗಿ, ಇಲಿಜ್ವರ ಎಂದು ಪ್ರತಿ ಮಳೆಗಾಲ ಸುದ್ದಿ ಕಳಿಸಿದವನು ನಾನು. ಈ ಸಲ ಇದನ್ನೂ ಬರೆದು ಕಳಿಸಿದೆ. ಡೆಸ್ಕಿನಿಂದ ಫೋನ್ ಬಂತು, "ತಾಲೂಕಿನಲ್ಲಿ ಎಷ್ಟು ಕೇಸು?"

"ನನಗೆ ಗೊತ್ತಿರುವುದು ಒಂದು."

ಸುದ್ದಿ ಬರಲಿಲ್ಲ. ಪತ್ತೆಯಾಗದ್ದನ್ನು ಎಣಿಸುವುದು ಹೇಗೆ ಎಂದು ಆಗ ಕೇಳಬೇಕಿತ್ತು, ಕೇಳಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಹಿರಿಯರಿಗೆ ಸಕ್ಕರೆ ಇದ್ದು, ಮಳೆಗಾಲದ ಜ್ವರ ಬಿಡದೆ ಬೆನ್ನೋ ಹೊಟ್ಟೆಯೋ ನೋಯುತ್ತಿದ್ದರೆ ಎಣ್ಣೆ ಹಚ್ಚಿ ಕೂರಬೇಡಿ. ರಕ್ತದ ಕಲ್ಚರ್, ಸ್ಕ್ಯಾನ್ ಬೇಕೇ ಎಂದು ಡಾಕ್ಟರಲ್ಲಿ ಕೇಳಿ.

ಮಾವನಿಗೆ ಗಂಬೂಟು ತಂದುಕೊಟ್ಟಿದ್ದೇನೆ. ಕಣಿಗೆ ಇಳಿಯುವಾಗ ಅದು ಅಂಗಳದಲ್ಲೇ ಇರುತ್ತದೆ. ಅತ್ತೆಯ ಕೂಗು ಮಾತ್ರ ತೋಟದವರೆಗೆ ಕೇಳುತ್ತದೆ.