ಒಂದಾಳಿನ ಕೆಳಗಿನ ತಂಪು

ನಮ್ಮ ಕಡೆ ಈಜು ಎನ್ನುವುದಿಲ್ಲ, ಈಸು ಎನ್ನುತ್ತಾರೆ. ಹೆಗಲ ಮೇಲೆ ಟಾವೆಲ್ಲು ಹಾಕಿಕೊಂಡು "ಈಸ ಬೀಳಾಕ ಹೊಂಟೇವಿ" ಎಂದರೆ ಅಜ್ಜ ಕೇಳುತ್ತಿದ್ದುದು ಒಂದೇ ಮಾತು: "ಎಲ್ಲಿಗೆ? ಬಾವಿಗೋ, ಹೊಳಿಗೋ, ಕಾಲವಿಗೋ?" ಆ ಮಾತಿನಲ್ಲಿ ತಿಂಗಳಿನ ಲೆಕ್ಕವಿತ್ತು. ಮಾಗಿಯಲ್ಲಿ ಬಾವಿ, ಬೇಸಿಗೆಯಲ್ಲಿ ಹೊಳೆಯ ಮಡು, ಮಿರಗ ಕೂಡಿದ ಮೇಲೆ ಯಾವುದೂ ಇಲ್ಲ. ಕಾಲುವೆಯ ಹೆಸರೆತ್ತಿದರೆ ಮನೆಯಿಂದ ಹೊರಗೆ ಬಿಡುತ್ತಲೇ ಇರಲಿಲ್ಲ.

ನಾನು ಈಸು ಕಲಿತದ್ದು ಮಾಗಿಯ ಒಂದು ಮುಂಜಾನೆ, ಸೋದರಮಾವನ ಹೊಲದ ಪಾವಟಿಗೆ ಬಾವಿಯಲ್ಲಿ. ದಂಡೆಯ ಮೇಲೆ ನಿಂತರೆ ಹಲ್ಲು ಕಟಕಟ ಎನ್ನುತ್ತಿದ್ದವು. ಕೆಳಗೆ ನೋಡಿದರೆ ಬಾವಿಯ ನೀರಿನಿಂದ ಆವಿ ಏಳುತ್ತಿತ್ತು. ಬೆನ್ನಿಗೆ ಸೋರೆಬುರುಡೆ, ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ಮಾವನ ಕೈಯಲ್ಲಿ. ಕೊನೆಯ ಪಾವಟಿಗೆಯ ಮೇಲೆ ಕೂತು ಕಾಲು ಇಳಿಬಿಟ್ಟೆ. ನೀರು ಬೆಚ್ಚಗಿತ್ತು! ಮೊಳಕಾಲಿನವರೆಗೆ ಯಾರೋ ಕಂಬಳಿ ಹೊದಿಸಿದಂತಾಯಿತು. ಆಮೇಲೆ ತಿಳಿಯಿತು, ಬೆಚ್ಚಗಾದದ್ದು ನೀರಲ್ಲ, ತಣ್ಣಗಾದದ್ದು ಗಾಳಿ. ಆಳದ ನೆಲ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತದೆ. ಅಲ್ಲಿಂದ ಒಸರುವ ಸೆಲೆಯ ನೀರೂ ಹಾಗೆಯೇ. ಅದೇ ನೀರು ಮಾಗಿಯಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಂಪು. ಬದಲಾಗುವುದು ನಮ್ಮ ಮೈ.

ಮಾವ ಅವತ್ತು ಹೇಳಿದ ಮಾತನ್ನು ಇವತ್ತಿಗೂ ಪಾಲಿಸುತ್ತೇನೆ. "ತಮ್ಮಾ, ಮೊದಲ ಕಾಲ ಇಡು. ಆಮ್ಯಾಲೆ ಮಾರಿಗೆ, ಎದಿಗೆ ನೀರ ಹೊಡಕೋ. ಉಸುರು ಹದಕ್ಕ ಬರ್ಲಿ. ಆಗ ಬೀಳು." ತಣ್ಣೀರಿಗೆ ಒಮ್ಮೆಲೇ ಬಿದ್ದರೆ ಮನುಷ್ಯ ತನಗರಿವಿಲ್ಲದೆ ಉಸಿರು ಎಳೆದುಕೊಳ್ಳುತ್ತಾನೆ. ಆ ಹೊತ್ತಿಗೆ ಮುಖ ನೀರೊಳಗಿದ್ದರೆ ಒಳಹೋಗುವುದು ಗಾಳಿಯಲ್ಲ, ನೀರು. ಒಳ್ಳೆಯ ಈಸುಗಾರರೂ ಹೀಗೆ ಮೋಸ ಹೋಗುತ್ತಾರೆ. ಮಾವ ಇದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಬಾವಿ ಬಿಟ್ಟು ದೊಡ್ಡ ನೀರು ಕಂಡದ್ದು ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ. ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆಯನ್ನು ತಡೆದು ನಿಲ್ಲಿಸಿದ ರಾಜಾ ಲಖಮಗೌಡ ಜಲಾಶಯಕ್ಕೆ 51 ಟಿಎಂಸಿ ನೀರು ಹಿಡಿಯುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲನ ಗುಡಿ ಹಿನ್ನೀರಿನಿಂದ ಮೇಲೆದ್ದು ಬರುತ್ತದೆ, ಜನ ಹೋಗಿ ಕೈಮುಗಿಯುತ್ತಾರೆ. ಮಳೆ ಬಿದ್ದು ನೀರು ಏರಿದರೆ ವಿಠ್ಠಲ ಮತ್ತೆ ಒಳಗೆ. ಅಲ್ಲಿಯ ಊರುಗಳಿಗೆ ಇದಕ್ಕಿಂತ ದೊಡ್ಡ ಪಂಚಾಂಗ ಬೇಕಿಲ್ಲ.

ಒಂದು ಮೇ ತಿಂಗಳ ಸಂಜೆ ಬಳಗದವರೊಡನೆ ಹಿನ್ನೀರಿನ ದಡದಲ್ಲಿ ನೀರಿಗಿಳಿದಿದ್ದೆ. ದಿನವೆಲ್ಲ ಬಿಸಿಲುಂಡ ನೀರು, ಬಾಣಂತಿಯ ಹಂಡೆಯ ನೀರಿನಷ್ಟು ಹಿತ. ಎದೆಮಟ್ಟಕ್ಕೆ ಹೋದೆ, ಇನ್ನಷ್ಟು ಮುಂದೆ ಹೋಗಿ ಕಾಲು ಕೆಳಗೆ ಚಾಚಿದೆ. ಬೆರಳುಗಳಿಗೆ ಥಟ್ಟನೆ ತಂಪು ತಾಗಿತು. ಎದೆ ಬೇಸಿಗೆಯಲ್ಲಿ, ಪಾದ ಮಾಗಿಯಲ್ಲಿ. ಜತೆಗಿದ್ದ ಹಿರಿಯರು, "ಒಂದಾಳಿನ ತನಕ ಅಷ್ಟ ಬಿಸಲ ಹೊಕ್ಕಿರತೈತಿ, ಕೆಳಗ ಹ್ವಾದ ವರ್ಷದ ಥಂಡಿ ಕುಂತಿರತೈತಿ" ಎಂದರು.

ಅದು ನಿಜ. ಬಿಸಿನೀರು ಹಗುರ, ತಣ್ಣೀರು ಭಾರ. ಬಿಸಿಲು ಮೇಲಿನ ನೀರನ್ನು ಕಾಯಿಸಿದಷ್ಟೂ ಅದು ಮೇಲೆಯೇ ತೇಲುತ್ತದೆ, ಕೆಳಗಿನದರೊಡನೆ ಬೆರೆಯುವುದಿಲ್ಲ. ಮಾಗಿ ಬಂದು ಮೇಲಿನ ನೀರು ಆರಿದಾಗ ಅದು ಭಾರವಾಗಿ ಇಳಿಯುತ್ತದೆ, ಆಗ ಕೆರೆ ಮೇಲೆಕೆಳಗಾಗಿ ಬೆರೆಯುತ್ತದೆ. ಹಿಮ ಬೀಳುವ ದೇಶಗಳಲ್ಲಿ ಮಾತ್ರ ಇನ್ನೊಂದು ಚಂದ. ನೀರು 4 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಎಲ್ಲಕ್ಕಿಂತ ಭಾರ. ಅದಕ್ಕಿಂತ ತಣ್ಣಗಾದರೆ ತಿರುಗಿ ಹಗುರವಾಗಿ ಮೇಲೆ ಬರುತ್ತದೆ. ಹಾಗಾಗಿ ಅಲ್ಲಿಯ ಕೆರೆಗಳು ಮೇಲಿನಿಂದ ಹೆಪ್ಪುಗಟ್ಟುತ್ತವೆ, ಮೀನುಗಳು ಕೆಳಗೆ ಬದುಕುತ್ತವೆ.

ನೀರಿನ ಸ್ವಭಾವ ನಿಧಾನ. ಒಂದು ಕಿಲೋ ಗಾಳಿಗೆ ಬೇಕಾದ ಕಾವಿನ ನಾಲ್ಕು ಪಟ್ಟು ಒಂದು ಕಿಲೋ ನೀರಿಗೆ ಬೇಕು. ಹೊರಗೆ ಚಳಿ ಹಿಂದೆ ಸರಿದು ಎಷ್ಟೋ ದಿನವಾದರೂ ಆಳದ ನೀರು ಚಳಿಯಲ್ಲೇ ಕೂತಿರುತ್ತದೆ. ಈಜುಸ್ಪರ್ಧೆಯ ಕೊಳದ ನೀರನ್ನು 25ರಿಂದ 28 ಡಿಗ್ರಿಯಲ್ಲಿ ಇಡುತ್ತಾರೆ. 28 ಡಿಗ್ರಿಯ ಗಾಳಿಯಲ್ಲಿ ನಾವು ಅಂಗಿ ಬಿಚ್ಚಿ ಕೂರುತ್ತೇವೆ. ಅದೇ 28 ಡಿಗ್ರಿಯ ನೀರಿಗೆ ಇಳಿದರೆ ಮೊದಲ ಗಳಿಗೆ ಮೈ ಜುಂ ಎನ್ನುತ್ತದೆ. ನೀರು ಮೈಯ ಕಾವನ್ನು ಗಾಳಿಗಿಂತ ಅಷ್ಟು ಬೇಗ ಎಳೆದುಕೊಳ್ಳುತ್ತದೆ.

ಹೊಳೆಯ ನೀರಿನ ಚಳಿ ಏನೆಂದು ತಿಳಿಯಬೇಕಾದರೆ ಸಂಕ್ರಮಣದ ದಿನ ಬರಬೇಕು. ಎಳ್ಳು, ಅರಿಷಿಣ ಅರೆದು ಮೈಗೆ ಹಚ್ಚಿಕೊಂಡು ಘಟಪ್ರಭೆಗೆ ಇಳಿಯುತ್ತೇವೆ. ಮೂರು ಮುಳುಗಿನಲ್ಲಿ ಮೊದಲನೆಯದೇ ಕಷ್ಟ. ಮೂರನೆಯದು ಮುಗಿಸಿ ಎದ್ದು ನಿಂತಾಗ ದಂಡೆಯ ಗಾಳಿ ತಗುಲಿ ಮತ್ತೆ ನೀರೇ ವಾಸಿ ಎನಿಸುತ್ತದೆ. ಆಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಬುತ್ತಿ ಬಿಚ್ಚಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ತಿನ್ನುವಾಗಿನ ಸುಖ ಬೇರೆ ಯಾವ ಹಬ್ಬದಲ್ಲೂ ನನಗೆ ಸಿಕ್ಕಿಲ್ಲ. ಅದೇ ದಿನಗಳಲ್ಲಿ ಕೆಳಗೆ ಧೂಪದಾಳದಲ್ಲಿ ದೂರದೇಶದ ಹಕ್ಕಿಗಳು ಬಂದು ಇಳಿದಿರುತ್ತವೆ. ನಾವು ನಡುಗುವ ನೀರು ಅವಕ್ಕೆ ಬೆಚ್ಚನೆಯ ಬೀಡು.

ಧೂಪದಾಳದ ಒಡ್ಡು 1897ರದು. ಘಟಪ್ರಭಾ ಎಡದಂಡೆ ಕಾಲುವೆ ಹೊರಡುವುದು ಅಲ್ಲಿಂದಲೇ. ಮೂಡಲಗಿ ಕಡೆಯ ಕಬ್ಬು, ಗೋವಿನಜೋಳ ಬೆಳೆದದ್ದು ಆ ನೀರಿನಿಂದ. ಉಳಿದ ಹೊಳೆ ಮುಂದೆ ಗೋಕಾಕ ಫಾಲ್ಸ್‌ನಲ್ಲಿ 52 ಮೀಟರ್ ಕೆಳಗೆ ಧುಮುಕುತ್ತದೆ. ಅದನ್ನು ದೂರದಿಂದ ನೋಡಬೇಕು, ತುದಿಯ ಬಂಡೆಗೆ ಹೋಗಬಾರದು.

ಅಜ್ಜ ಕಾಲುವೆಗೆ ಏಕೆ ಬಿಡುತ್ತಿರಲಿಲ್ಲ ಎನ್ನುವುದು ದೊಡ್ಡವನಾದ ಮೇಲೆ ತಿಳಿಯಿತು. ಸುಡುವ ಏಪ್ರಿಲ್‌ನಲ್ಲಿ ಕಾಲುವೆಯ ನೀರು ಕರೆಯುತ್ತದೆ. ಆದರೆ ಹೊರಗೆ ಬರಲು ಅಲ್ಲಿ ಪಾವಟಿಗೆಯಿಲ್ಲ. ಇಳಿಜಾರು ಕಾಂಕ್ರೀಟು, ಅದರ ಮೇಲೆ ಹಸಿರು ಪಾಚಿ, ಕೈಗೆ ಹಿಡಿತವಿಲ್ಲ, ಕೆಳಗೆ ಸೆಳವು. ಮಳೆಗಾಲದ ಹೊಸ ನೀರೂ ಹಾಗೆಯೇ. ಕೆಂಪಗೆ ಬಂದ ನೀರಿನ ಒಳಗೆ ಮುಳ್ಳಿನ ಗಿಡ ಬಂತೋ ಮರದ ಬೊಡ್ಡೆ ಬಂತೋ ಕಾಣಿಸುವುದಿಲ್ಲ. 2019ರ ಆಗಸ್ಟ್‌ನಲ್ಲಿ ಆ ನೀರೇ ಲೋಳಸೂರ ಸೇತುವೆ ಮುಳುಗಿಸಿ ಗೋಕಾಕದ ಮನೆಗಳಿಗೆ ನುಗ್ಗಿತು.

ಮಾವನ ಹೊಲದ ಬಾವಿ ಈಗ ಇಲ್ಲ. ಬೋರ್‌ವೆಲ್ ಬಂದ ಮೇಲೆ ಸೆಲೆ ಬತ್ತಿತು, ಕಲ್ಲು ಹಾಕಿ ಮುಚ್ಚಿದರು. ಸುತ್ತಲಿನ ಹೊಲಗಳಲ್ಲೂ ಅದೇ ಕಥೆ. ಬಾವಿ ಹೋಯಿತು, ಹಗ್ಗ ಹಿಡಿಯುವ ಮಾವಂದಿರು ಹೋದರು, ಹುಡುಗರು ಈಸು ಬಾರದೆ ಕಾಲುವೆಗೆ ಇಳಿಯುತ್ತಾರೆ. ನಿಮ್ಮ ಹೊಲದಲ್ಲಿ ಪಾವಟಿಗೆ ಇರುವ ಬಾವಿ ಇನ್ನೂ ಉಳಿದಿದ್ದರೆ ಮುಚ್ಚಬೇಡಿ. ಹೂಳು ತೆಗೆಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಮಾಗಿಯ ಒಂದು ಮುಂಜಾನೆ ಮಕ್ಕಳನ್ನು ಇಳಿಸಿ. ಹೆಣ್ಣುಮಕ್ಕಳನ್ನೂ ಇಳಿಸಿ. ಹಗ್ಗದ ಇನ್ನೊಂದು ತುದಿ ನಿಮ್ಮ ಕೈಯಲ್ಲಿರಲಿ.