ಗಬ್ಬೂರದಲ್ಲಿ ಕೇಳಿದ ಘನನಾದ

ಹುಬ್ಬಳ್ಳಿಯ ದಕ್ಷಿಣದ ಅಂಚಿನಲ್ಲಿ, ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಿಗೆ ಗಬ್ಬೂರವಿರುವದು. ನರೇಂದ್ರದ ಕಡೆಗೆ ಹೋಗುವ ಬೈಪಾಸ್ ರಸ್ತೆಯು ಇಲ್ಲಿಂದಲೇ ಹೊರಡುವದರಿಂದ ಲಾರಿಗಳ ಗರ್ಜನೆಗೆ ಹಗಲಿರುಳೂ ಬಿಡುವಿಲ್ಲ. ಕಳೆದ ಶ್ರಾವಣದಲ್ಲಿ ನಾವು ಆ ಊರಲ್ಲಿರುವ ತಂಗಿಯ ಮನೆಗೆ ಹೋಗಿದ್ದೆವು. ಹೋದುದು ಬರಿಯ ಹಬ್ಬದೂಟಕ್ಕಲ್ಲ. ಅವಳ ಮೊಮ್ಮಗನು ಓದನ್ನು ಬದಿಗಿಟ್ಟು ಗಿಟಾರಿನಲ್ಲಿ ‘ಹೆವಿ ಮೆಟಲ್’ ಎಂಬ ಗದ್ದಲವನ್ನೆಬ್ಬಿಸುತ್ತಿರುವನೆಂದೂ, ನಾವು ಬಂದು ನಾಲ್ಕು ಬುದ್ಧಿಯ ಮಾತು ಹೇಳಬೇಕೆಂದೂ ಕರೆ ಬಂದಿತ್ತು.

ಹೆಸರು ಕೇಳಿದೊಡನೆಯೇ ನಾವು ತೀರ್ಪನ್ನು ಬರೆದುಕೊಂಡಿದ್ದೆವು. ಭರತಮುನಿಯು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವನು. ತಾಳ, ಜಾಗಟೆಗಳಂತಹ ಲೋಹವಾದ್ಯಗಳು ‘ಘನ’ದಲ್ಲಿ ಸೇರುವವು. ಇದೂ ಜಾಗಟೆಯ ಬಡಿತವೇ ಇರಬೇಕೆಂದು ಬಗೆದೆವು. ಹುಡುಗನು ಎದುರುತ್ತರ ಕೊಡಲಿಲ್ಲ. ಮಾಳಿಗೆಗೆ ಕರೆದೊಯ್ದು, ತನ್ನ ಮೊಬೈಲಿನಿಂದ ಒಂದು ವಾದ್ಯಸಂಗೀತವನ್ನು ಕೇಳಿಸಿದನು. ಅದರಲ್ಲಿ ಹಾಡಿನ ಮಾತೊಂದೂ ಇರಲಿಲ್ಲ. ಮೊದಲು ಪಿಟೀಲುಗಳ ಮೆಲುದನಿ; ಬಳಿಕ ವಿದ್ಯುತ್ ಗಿಟಾರು ಸಿಡಿಲಿನಂತೆ ಎರಗಿ, ಅದೇ ಸ್ವರಪಂಕ್ತಿಯನ್ನು ದ್ರುತದಲ್ಲಿ ಹಿಡಿಯಿತು. ಕೋಮಲ ಗಾಂಧಾರ, ಕೋಮಲ ಧೈವತ, ಶುದ್ಧ ನಿಷಾದ! ನಡೆಯು ಬೇರೆ, ಗಮಕವು ಬೇರೆ. ಆದರೆ ಸ್ವರಗಳು ನಮ್ಮ ಕೀರವಾಣಿಯವೇ. ನಾವು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡೆವು.

ಸ್ವೀಡನ್ನಿನ ಯಂಗ್ವಿ ಮಾಲ್ಮ್‌ಸ್ಟೀನನು 1984ರ ‘ರೈಸಿಂಗ್ ಫೋರ್ಸ್’ನಲ್ಲಿ ಯುರೋಪಿನ ಶಾಸ್ತ್ರೀಯ ಸಂಗೀತವನ್ನೂ ಈ ಗರ್ಜನೆಯನ್ನೂ ಕೂಡಿಸಿದನೆಂದೂ, 1996ರಲ್ಲಿ ಫಿನ್ಲೆಂಡಿನ ಅಪೊಕ್ಯಾಲಿಪ್ಟಿಕಾ ತಂಡದ ನಾಲ್ವರು ನಾಲ್ಕು ಚೆಲ್ಲೋಗಳಲ್ಲಿಯೇ ಮೆಟಾಲಿಕಾದ ಹಾಡುಗಳನ್ನು ನುಡಿಸಿದರೆಂದೂ ಹುಡುಗನು ವಿವರಿಸಿದನು.

“ಈಗ ಕೇಳಿಸಿದ್ದಕ್ಕ ಎಷ್ಟು ರೊಕ್ಕ ಕೊಟ್ಟಿ?” ಎಂದೆವು.

“ಏನೂ ಇಲ್ಲರೀ ಅಜ್ಜಾ. ಮಾಡಿದವರ ಹೆಸರು ಹೇಳಿದ್ರ ಸಾಕು.”

2002ರಿಂದ ‘ಕ್ರಿಯೇಟಿವ್ ಕಾಮನ್ಸ್’ ಎಂಬ ಪರವಾನಿಗೆಗಳು ಬಳಕೆಯಲ್ಲಿರುವವು. ಕೃತಿಯನ್ನು ಪುಕ್ಕಟೆಯಾಗಿ ಹಂಚಲು ಕರ್ತೃವೇ ಅಪ್ಪಣೆ ಕೊಡುವನು; ಆ ಪರವಾನಿಗೆಗಳಲ್ಲಿ ಹೆಚ್ಚಿನವು ಅವನ ಹೆಸರನ್ನು ಮರೆಯದೆ ಹೇಳಬೇಕೆಂದು ವಿಧಿಸುವವು.

ಈ ಮಾತು ನಮ್ಮ ಎದೆಗೆ ತಾಕಿತು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತ ಸೀಮೆಯಿದು. ಹಿಂದುಸ್ತಾನೀ ಗಾಯಕರು ಗುರುವಿನ ಹೆಸರೆತ್ತುವಾಗ ಕಿವಿಯನ್ನು ಮುಟ್ಟಿಕೊಳ್ಳುವದನ್ನು ವಾಚಕರೂ ಕಂಡಿರಬಹುದು. ನಾವೋ ಮೂವತ್ತು ವರ್ಷ ಕಾಳಿದಾಸನನ್ನು ಪಾಠ ಹೇಳಿದೆವು. ನಮ್ಮ ಅರ್ಥವಿವರಣೆಯನ್ನು ವಿದ್ಯಾರ್ಥಿಗಳು ಹೊಗಳಿದಾಗ ಮುಗುಳುನಕ್ಕು ಸುಮ್ಮನಾದೆವು. ಆ ವಿವರಣೆಯೆಲ್ಲ, ಒಂದು ಕಾಸನ್ನೂ ಮುಟ್ಟದೆ ನಮಗೆ ಕಲಿಸಿದ ಶಾಸ್ತ್ರಿಗಳದು. ಅವರ ಹೆಸರನ್ನು ವರ್ಗದಲ್ಲಿ ಒಮ್ಮೆಯೂ ಹೇಳಿದ ನೆನಪಿಲ್ಲ. ಪುಕ್ಕಟೆ ದೊರೆತುದಕ್ಕೂ ಋಣವುಂಟೆಂಬುದನ್ನು ಹದಿನೇಳು ವರ್ಷದ ಹುಡುಗನಿಂದ ಕಲಿಯಬೇಕಾಯಿತು.

ಊಟಕ್ಕೆ ಕುಳಿತಾಗ ತಂಗಿಯು, “ಅಣ್ಣಾ, ಬುದ್ಧಿ ಹೇಳಿದ್ಯೋ ಇಲ್ಲೋ?” ಎಂದು ಕೇಳಿದಳು.

“ಓದನ್ನೂ ಬಿಡಬ್ಯಾಡ, ಗಿಟಾರನ್ನೂ ಬಿಡಬ್ಯಾಡ ಅಂತ ಹೇಳೀನಿ,” ಎಂದೆವು. ನಾವು ಕಲಿತ ಪಾಠವನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ.

ಸಂಜೆ ಹೆದ್ದಾರಿಯ ಬದಿಗೆ ಬಸ್ಸನ್ನು ಕಾಯುತ್ತ ನಿಂತಾಗ ಲಾರಿಗಳು ಒಂದರ ಹಿಂದೊಂದು ಅಬ್ಬರಿಸುತ್ತ ಹೋದವು. ಆ ಸದ್ದಿನ ನಡುವೆ ನಾವು ಕಿವಿಯನ್ನು ಮುಟ್ಟಿಕೊಂಡು ನಮ್ಮ ಶಾಸ್ತ್ರಿಗಳ ಹೆಸರನ್ನು ಗಟ್ಟಿಯಾಗಿ ಹೇಳಿದೆವು.