ಡಮ್‌ಗಾಯ್ನ್ ಬೆಟ್ಟದ ಅಡಿಯಲ್ಲಿ

ಏಳು ವರ್ಷಗಳಿಂದ ಊರಿಗೆ ಬಾರದಿದ್ದ ಮಗನನ್ನು ನೋಡಲೆಂದು ನಾನು ಸ್ಕಾಟ್ಲೆಂಡಿಗೆ ಹೋಗಿದ್ದೆ. ಗ್ಲಾಸ್ಗೋ ನಗರವನ್ನು ಸೇರಿ ಹತ್ತು ದಿನಗಳಾದರೂ ನಮ್ಮಿಬ್ಬರ ನಡುವೆ ಮಾತು ಬೆಳೆದಿರಲಿಲ್ಲ. ಒಂದು ಸಂಜೆ ಅವನೇ, “ಅಪ್ಪಾ, ನಾಳೆ ಒಂದು ಬೆಟ್ಟ ಹತ್ತೋಣವೇ?” ಎಂದು ಕೇಳಿದ.

ನಗರದ ಉತ್ತರಕ್ಕೆ, ಕ್ಯಾಂಪ್ಸಿ ಬೆಟ್ಟಸಾಲಿನ ಪಶ್ಚಿಮದ ತುದಿಯಲ್ಲಿ ಡಮ್‌ಗಾಯ್ನ್ ನಿಂತಿದೆ. ಎತ್ತರ 427 ಮೀಟರು ಮಾತ್ರ. ನಮ್ಮ ಮುಳ್ಳಯ್ಯನಗಿರಿಯ ಮುಂದೆ ಇದು ಹಸುಳೆಯೆಂದು ಮನಸ್ಸಿನಲ್ಲೇ ನಕ್ಕೆ. ಆ ನಗೆ ಅರ್ಧ ದಾರಿಯವರೆಗೂ ಉಳಿಯಲಿಲ್ಲ. ಪುರಾತನ ಜ್ವಾಲಾಮುಖಿಯೊಂದರ ಕೊರಳಲ್ಲಿ ಹೆಪ್ಪುಗಟ್ಟಿದ ಶಿಲೆ ಅದು. ಸುತ್ತಣ ಮೆತುಭಾಗ ಸವೆದುಹೋಗಿ ಗಟ್ಟಿ ತಿರುಳು ಉಳಿದಿದೆ. ಅದರಿಂದಲೇ ಏರು ಅಷ್ಟು ಕಡಿದು. ಒದ್ದೆ ಹುಲ್ಲಿನಲ್ಲಿ ಕಾಲು ಜಾರಿತು. ಮಗ ಮಾತಿಲ್ಲದೆ ಕೈ ನೀಡಿದ. ನಾನೂ ಮಾತಿಲ್ಲದೆ ಹಿಡಿದೆ.

ಶಿಖರದಿಂದ ಲೋಮಂಡ್ ಸರೋವರವೂ ಬೆನ್ ಲೋಮಂಡ್ ಪರ್ವತವೂ ಕಂಡವು. ಕೆಳಗೆ, ರಸ್ತೆಯ ಬದಿಯಲ್ಲಿ, ಸುಣ್ಣ ಬಳಿದ ಕಟ್ಟಡಗಳ ಗುಂಪು: ಗ್ಲೆನ್‌ಗಾಯ್ನ್ ವ್ಹಿಸ್ಕಿ ಭಟ್ಟಿ. 1823ರ ಕಾನೂನು ಸುಂಕವನ್ನು ಇಳಿಸುವವರೆಗೆ ಈ ನಾಡಿನ ಕಣಿವೆಗಳಲ್ಲಿ ಕಳ್ಳಭಟ್ಟಿಯ ಹಾವಳಿ ಬಲವಾಗಿತ್ತು. ಈ ಭಟ್ಟಿ ಪರವಾನಗಿ ಪಡೆದದ್ದು 1833ರಲ್ಲಿ.

ಜನ್ಮದಲ್ಲಿ ಮದ್ಯ ಮುಟ್ಟದ ನಾನು ಕುತೂಹಲಕ್ಕೆ ಒಳಹೊಕ್ಕೆ. ಇಲ್ಲಿ ಮೊಳಕೆಯೊಡೆದ ಬಾರ್ಲಿಗೆ ಪೀಟ್ ಎಂಬ ಜೌಗುಮಣ್ಣಿನ ಹೊಗೆ ತಾಗಿಸುವುದಿಲ್ಲ. ಬರಿಯ ಬಿಸಿಗಾಳಿಯಲ್ಲಿ ಒಣಗಿಸಿದ ಕಾಳನ್ನೇ ಬಳಸುತ್ತಾರೆ. ತಾಮ್ರದ ಹಂಡೆಗಳಿಂದ ನಿಧಾನವಾಗಿ ಇಳಿದ ರಸ ನೀರಿನಂತೆ ತಿಳಿ. ಬಣ್ಣ ಬರುವುದು ಓಕ್ ಮರದ ಪೀಪಾಯಿಯಿಂದ. ರಸ್ತೆಯ ಈಚೆಗೆ ಭಟ್ಟಿ, ಆಚೆಗೆ ಉಗ್ರಾಣ. ನಡುವೆ ಮಲೆನಾಡನ್ನೂ ತಗ್ಗುನಾಡನ್ನೂ ಬೇರ್ಪಡಿಸುವ ಗೆರೆ. ಮಲೆನಾಡಿನಲ್ಲಿ ಹುಟ್ಟಿದ್ದು ತಗ್ಗುನಾಡಿನಲ್ಲಿ ಮಾಗುತ್ತದೆ. ಕನಿಷ್ಠ 3 ವರ್ಷ ಪೀಪಾಯಿಯಲ್ಲಿರದೆ ಅದಕ್ಕೆ ಸ್ಕಾಚ್ ಎಂಬ ಹೆಸರಿಲ್ಲ.

ಈ ಅವಧಿಯಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 2 ಪಾಲು ಆವಿಯಾಗಿ ಹೋಗುತ್ತದೆ. ಅದಕ್ಕೆ ಇವರು ಕೊಟ್ಟಿರುವ ಹೆಸರು ‘ದೇವತೆಗಳ ಪಾಲು’.

“ನಮ್ಮ ಬೆಂಗಳೂರಿನ ಸೆಕೆಗೆ ಇದರ ಹಲವು ಪಟ್ಟು ಹಾರಿಹೋಗುತ್ತದೆ, ಅಪ್ಪಾ. ಆದರೆ ಅಲ್ಲಿ ಬೇಗ ಮಾಗುತ್ತದೆ. ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಮೊದಲು ಬಿಡುಗಡೆಯಾದದ್ದು ಗ್ಲಾಸ್ಗೋದಲ್ಲೇ” ಎಂದ ಮಗ. ‘ನಮ್ಮ ಬೆಂಗಳೂರು’ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ನಾನು ಗಮನಿಸಿದೆ.

ಕೊನೆಗೆ ಇಬ್ಬರ ಮುಂದೆಯೂ ಪುಟ್ಟ ಲೋಟಗಳು ಬಂದವು. ನಾನು ಮೂಸಿ ನೋಡಿ ಕೆಳಗಿಟ್ಟೆ. ತಲೆ ನರೆಯತೊಡಗಿದ ಮಗ ತಂದೆಯೆದುರು ಲೋಟವೆತ್ತಲು ಸಂಕೋಚಪಟ್ಟು ಕಿಟಕಿಯತ್ತ ನೋಡುತ್ತಿದ್ದ.

“ಕುಡಿ, ಮಗು. ಅವಸರವಿಲ್ಲ. ನಾನು ಕಾದಿರುತ್ತೇನೆ” ಎಂದೆ.

ಹಿಂದಿರುಗುವಾಗ ಬಸ್ಸಿನಲ್ಲಿ ಅವನು ಆ ಏಳು ವರ್ಷಗಳ ಕಥೆಯನ್ನು ತಾನಾಗಿಯೇ ಆರಂಭಿಸಿದ. ಗ್ಲಾಸ್ಗೋ ಬಂದರೂ ಅದು ಮುಗಿದಿರಲಿಲ್ಲ.